ಪಡಸಾಲೆಗೊಂದು ಜೋಡಿ, ಅಂಗಳಕ್ಕೊಂದು ಜೋಡಿ: ರಿಸೀವರ್ ಯಾವುದಿರಲಿ?

ಪ್ರಶ್ನೆ: ಪಡಸಾಲೆಯಲ್ಲಿ 6 ಓಮ್‌ನ ಎರಡು ಸ್ಪೀಕರ್ ಇವೆ. ಅಂಗಳದ ಬೇವಿನ ಗಿಡದ ಕಟ್ಟೆಯ ಹತ್ತಿರ 8 ಓಮ್‌ನ ಇನ್ನೆರಡು ಹಾಕಿಸಬೇಕು. ಗೋಡೆಯಿಂದ ಅಲ್ಲಿಗೆ 60 ಅಡಿ. ಮುಂಜಾನೆ ಹೊರಗೆ ವಚನ, ಒಳಗೆ ಹುಡುಗರ ಟಿವಿ. ಅಂಗಡಿಯವರು ‘ಎ, ಬಿ ಸ್ಪೀಕರ್ ಗುಂಡಿ ಇರೋ ಸ್ಟೀರಿಯೊ ರಿಸೀವರ್ ಸಾಕು, 100 ವಾಟ್ ಐತಿ’ ಅಂತಾರೆ. ತಗೋಬಹುದೇನ್ರಿ?
— ಓದುಗರೊಬ್ಬರು, ವಿಜಯಪುರ

ಉತ್ತರ: ನಿಮ್ಮ ಬಳಕೆಗೆ ಅದು ಸಾಲದು. ಎ, ಬಿ ಗುಂಡಿಗಳು ಹಾಡನ್ನು ಬೇರೆ ಮಾಡುವುದಿಲ್ಲ. ಎರಡನ್ನೂ ಒತ್ತಿದರೆ ಒಳಗಿನ ಟಿವಿಯೇ ಕಟ್ಟೆಯಲ್ಲೂ ಕೇಳುತ್ತದೆ, ಅದೂ ಒಂದೇ ವಾಲ್ಯೂಮ್‌ನಲ್ಲಿ.

ಇನ್ನೊಂದು ತೊಡಕು ಓಮ್‌ನದು. ಬಹುತೇಕ ರಿಸೀವರ್‌ಗಳಲ್ಲಿ ಎ ಮತ್ತು ಬಿ ಒಳಗೆ ಪ್ಯಾರಲಲ್ ಆಗಿ ಸೇರಿರುತ್ತವೆ. ನಿಮ್ಮ 6 ಓಮ್, ಹೊರಗಿನ 8 ಓಮ್ ಕೂಡಿದರೆ ರಿಸೀವರ್ ಒಳಗಿನ ಆಂಪ್ಲಿಫೈಯರ್‌ಗೆ ಕಾಣುವುದು ಸುಮಾರು 3.4 ಓಮ್ ಮಾತ್ರ. ಓಮ್ ಇಳಿದಷ್ಟೂ ಅದು ಕೊಡಬೇಕಾದ ಕರೆಂಟ್ ಏರುತ್ತದೆ, ಮೈ ಕಾಯುತ್ತದೆ. ಹೊರಗೆ 40 ಡಿಗ್ರಿ ದಾಟಿದ ಏಪ್ರಿಲ್‌ನಲ್ಲಿ, ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಇಟ್ಟಿದ್ದರೆ, ಅರ್ಧ ತಾಸಿಗೆ ಪ್ರೊಟೆಕ್ಷನ್ ಬಿದ್ದು ಸೆಟ್ ಆಫ್ ಆಗಬಹುದು. ಕೊಳ್ಳುವ ಮುನ್ನ ಹಿಂಬದಿ ತಿರುಗಿಸಿ ಸ್ಪೀಕರ್ ಟರ್ಮಿನಲ್ ಪಕ್ಕದ ಸಣ್ಣಕ್ಷರ ಓದಿ. ‘ಎ+ಬಿ’ ಎದುರಿಗೆ 8 ಓಮ್ ಅಥವಾ ಹೆಚ್ಚು ಎಂದಿದ್ದರೆ ಪ್ರತಿ ಸ್ಪೀಕರ್ ಕನಿಷ್ಠ 8 ಇರಬೇಕು. ಕೆಲವದರಲ್ಲಿ 16 ಎಂದೂ ಇರುತ್ತದೆ. ನಿಮ್ಮ ಪಡಸಾಲೆಯ ಜೋಡಿ ಎರಡಕ್ಕೂ ಹೊಂದುವುದಿಲ್ಲ.

ನಿಮಗೆ ಬೇಕಾದ್ದು ‘ಝೋನ್ 2’ ಇರುವ ರಿಸೀವರ್, ಇಲ್ಲವೇ ಅಂಗಳಕ್ಕೇ ಒಂದು ಚಿಕ್ಕ ಸ್ಟೀರಿಯೊ ಆಂಪ್ಲಿಫೈಯರ್. ಝೋನ್ 2ರಲ್ಲಿ ಹಾಡೂ ಬೇರೆ, ವಾಲ್ಯೂಮೂ ಬೇರೆ. ಆದರೆ ಅನೇಕ ಮಾದರಿಗಳಲ್ಲಿ ಎಚ್‌ಡಿಎಂಐ, ಆಪ್ಟಿಕಲ್ ಮೂಲಕ ಬಂದ ಧ್ವನಿ ಝೋನ್ 2ಕ್ಕೆ ಹೋಗುವುದೇ ಇಲ್ಲ. ಇನ್ನು ಕೆಲವದರಲ್ಲಿ ಅದು ಬರೀ ಪ್ರಿ-ಔಟ್, ಅಂದರೆ ಸ್ಪೀಕರ್ ನಡೆಸುವ ಶಕ್ತಿಯಿಲ್ಲದ ಸಿಗ್ನಲ್ ಅಷ್ಟೇ. ಅದಕ್ಕೆ ಹೇಗೂ ಬೇರೆ ಆಂಪ್ಲಿಫೈಯರ್ ಬೇಕು. ಹೀಗಾಗಿ ಎರಡನೇ ದಾರಿಯೇ ನಮಗೆ ಮೆಚ್ಚುಗೆ: ಟಿವಿಗೆ ಸಾದಾ ರಿಸೀವರ್, ಕಟ್ಟೆಗೆ ಬ್ಲೂಟೂತ್ ಇರುವ 40–50 ವಾಟ್‌ನ ಆಂಪ್ಲಿಫೈಯರ್. ಫೋನ್ ಮಾತ್ರ ಆಂಪ್ಲಿಫೈಯರ್ ಪಕ್ಕದಲ್ಲೇ ಇರಲಿ. ಹಳೇ ಮನೆಯ ದಪ್ಪ ಕಲ್ಲಿನ ಗೋಡೆ ದಾಟಿ ಕಟ್ಟೆವರೆಗೆ ಬ್ಲೂಟೂತ್ ನಂಬುವಂಥದ್ದಲ್ಲ.

100 ವಾಟ್ ನೋಡಿ ಮರುಳಾಗಬೇಡಿ. ‘8 ಓಮ್, ಎರಡೂ ಚಾನೆಲ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಆರ್‌ಎಂಎಸ್’ ಎಂದು ಬರೆದ ವಾಟ್ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಪಿಎಂಪಿಒ (ಜಾಹೀರಾತಿಗೆಂದು ಉಬ್ಬಿಸಿದ ವಾಟ್) ಎಂದು ಬರೆದದ್ದನ್ನು ಓದಲೂ ಬೇಡಿ. 88 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ 1 ವಾಟ್‌ನಲ್ಲಿ 1 ಮೀಟರ್ ದೂರಕ್ಕೆ 88 ಕೊಡುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಕಳೆಯಿರಿ: 4 ಮೀಟರ್‌ಗೆ 76. ಅಲ್ಲೇ 10 ವಾಟ್ ಕೊಟ್ಟರೆ 86, ಮುಂಜಾನೆಯ ವಚನಕ್ಕೆ ಅದೇ ಜೋರು. ಬಾಸ್ ಮಾತ್ರ ಹೊರಗೆ ತೆಳುವಾಗುತ್ತದೆ, ಹಿಡಿದು ತಿರುಗಿಸಲು ಗೋಡೆಗಳಿರುವುದಿಲ್ಲವಲ್ಲ. ಸ್ಪೀಕರನ್ನು ಕಾಂಪೌಂಡ್ ಗೋಡೆಗೆ ಆನಿಸಿದರೆ ಸ್ವಲ್ಪ ಮರಳಿ ಬರುತ್ತದೆ.

ನಿಜವಾದ ಖರ್ಚು, ಕೆಲಸ ಎರಡೂ ವೈರಿನಲ್ಲಿದೆ. 60 ಅಡಿ ಎಂದರೂ ಗೋಡೆ ಹತ್ತಿ ಇಳಿದು 22 ಮೀಟರ್ ಆಗುತ್ತದೆ. ಹೋಗಿ ಬರುವ ಎರಡು ಎಳೆ ಸೇರಿ 44. 1 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಅದು 0.76 ಓಮ್, 1.5ರಲ್ಲಿ 0.50, 2.5ರಲ್ಲಿ 0.30. ಸ್ಪೀಕರಿನ ಓಮ್‌ನ ನೂರಕ್ಕೆ ಐದರೊಳಗೆ, ಅಂದರೆ ಇಲ್ಲಿ 0.40ರೊಳಗೆ ಇರಬೇಕು. ಹಾಗಾಗಿ 2.5. ‘ಸ್ಪೀಕರ್ ವೈರ್’ ಎಂದೇ ಮಾರುವ ಅಗ್ಗದ ಪಾರದರ್ಶಕ ವೈರಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಸವರಿದ ಅಲ್ಯುಮಿನಿಯಂ, ತಡೆ ಒಂದೂವರೆ ಪಟ್ಟು. ಮನೆ ವೈರಿಂಗಿನ ಬಹು ಎಳೆಯ ತಾಮ್ರದ ವೈರ್, ಕೆಂಪು ಒಂದು ಕಪ್ಪು ಒಂದು, ಧಾರಾಳವಾಗಿ ನಡೆಯುತ್ತದೆ.

230 ವೋಲ್ಟ್ ವೈರ್ ಇರುವ ಪೈಪಿನಲ್ಲೇ ಇದನ್ನು ತೂರಿಸಬೇಡಿ. ಒಂದೂವರೆ ಅಡಿ ಆಳದಲ್ಲಿ ಬೇರೆ ಪೈಪ್ ಹೂಳಿಸಿ. ನಿಮ್ಮದು ಎರೆಮಣ್ಣಾದರೆ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಪೈಪಿನ ಜಾಯಿಂಟ್ ಎಳೆದುಬಿಡುತ್ತದೆ. ಜಾಯಿಂಟ್ ಇಲ್ಲದ ಕಪ್ಪು ಎಚ್‌ಡಿಪಿಇ ಪೈಪ್ ಒಂದೇ ಉದ್ದ ಎಳೆಯಿರಿ. ಬಾಯಿಗೆ ಸಿಲಿಕೋನ್ ತುಂಬಿಸಿ, ಇಲ್ಲದಿದ್ದರೆ ಇಲಿಗೆ ದಾರಿಯಾಗುತ್ತದೆ.

ಆಂಪ್ಲಿಫೈಯರಿನಲ್ಲಿ ‘ಮೋನೊ’ ಗುಂಡಿ ಇದ್ದರೆ ಒಳ್ಳೆಯದು. ಕಟ್ಟೆಯ ಎಡಕ್ಕೆ ಕೂತವರಿಗೆ ಬರೀ ತಬಲಾ, ಬಲಕ್ಕೆ ಕೂತವರಿಗೆ ಬರೀ ಹಾರ್ಮೋನಿಯಂ ಆಗಬಾರದು. ಗುಂಡಿ ಇಲ್ಲವೆಂದು ಎಡ, ಬಲ ಟರ್ಮಿನಲ್‌ಗಳನ್ನು ಒಂದಕ್ಕೊಂದು ಕೂಡಿಸಿದಿರೋ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತದೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲೇ ಮೋನೊ ಮಾಡಬಹುದು.

ಪ್ರಶ್ನೆ: ಅಮೆರಿಕದಲ್ಲಿರುವ ಅಳಿಯ ತನ್ನ ಹಳೇ ರಿಸೀವರ್ ಕೊಡುತ್ತೇನೆ ಅಂತಾನೆ. ಪಿನ್ ಬದಲಿಸಿದರೆ ನಡೆದೀತೆ? ನನಗೆ ಧಾರವಾಡ ಆಕಾಶವಾಣಿ ಮುಖ್ಯ.
— ಜಮಖಂಡಿಯಿಂದ

ಉತ್ತರ: ಪಿನ್ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಹಿಂಬದಿ ‘120 ವೋಲ್ಟ್’ ಎಂದಷ್ಟೇ ಇದ್ದರೆ, ನಮ್ಮ 230ಕ್ಕೆ ಸಿಕ್ಕಿಸಿದ ಕ್ಷಣವೇ ಫ್ಯೂಸ್, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರೂ ಹೋಗುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿಕೊಳ್ಳಿ. ಹಿಂದೆ 240 ವಾಟ್ ಎಂದಿದ್ದರೆ 500 ವಿಎ ತಗೊಳ್ಳಿ, ಅಂಚಿನ ಲೆಕ್ಕ ಬೇಡ.

ರೇಡಿಯೊದ ತೊಂದರೆ ಬೇರೆಯದೇ. ಧಾರವಾಡ ಕೇಂದ್ರ ಮೀಡಿಯಂ ವೇವ್‌ನಲ್ಲಿ, ಅಂದರೆ ಎಎಂನಲ್ಲಿ, 765 ಕಿಲೋಹರ್ಟ್ಸ್. ನಮ್ಮಲ್ಲಿ ಎಎಂ ಕೇಂದ್ರಗಳ ಅಂತರ 9, ಅಮೆರಿಕದಲ್ಲಿ 10. ಅಲ್ಲಿಯ ಡಿಜಿಟಲ್ ಟ್ಯೂನರ್ 760ರಲ್ಲಿ ನಿಂತು ನೇರ 770ಕ್ಕೆ ಜಿಗಿಯುತ್ತದೆ. ಎಫ್‌ಎಂನಲ್ಲೂ ಅನೇಕ ಸೆಟ್‌ಗಳು ಪಾಯಿಂಟಿನ ನಂತರ ಬೆಸ ಸಂಖ್ಯೆಗೆ ಮಾತ್ರ ನಿಲ್ಲುತ್ತವೆ. ಕೆಲವದರಲ್ಲಿ ಹಿಂದೆ ‘9/10 ಕಿಲೋಹರ್ಟ್ಸ್’ ಸ್ವಿಚ್ ಅಥವಾ ಮೆನುವಿನಲ್ಲಿ ಆಯ್ಕೆ ಇರುತ್ತದೆ. ಹಿಂಬದಿಯ ಫೋಟೊ ತರಿಸಿ ನೋಡಿ. ಸ್ವಿಚ್ಚೂ ಮೆನುವಿನ ಆಯ್ಕೆಯೂ ಇಲ್ಲದಿದ್ದರೆ ಬೇಡವೆಂದುಬಿಡಿ. ಹೊಸ ಸ್ಟೀರಿಯೊ ರಿಸೀವರ್‌ಗಳಲ್ಲೂ ಎಎಂ ಕಾಣೆಯಾಗುತ್ತಿದೆ, ಅಂಗಡಿಯಲ್ಲಿ ಮೊದಲು ಅದನ್ನೇ ಕೇಳಿ.

ಪ್ರಶ್ನೆ: ಖಾನಾಪುರದ ಮಳೆಗೆ ಹೊರಗಿನ ಸ್ಪೀಕರ್ ತಡೆಯುತ್ತದೆಯೇ? ಹೋದ ವರ್ಷದ ಒಂದು ಜೋಡಿಯ ಧ್ವನಿ ಬಿಟ್ಟು ಬಿಟ್ಟು ಬರುತ್ತಿದೆ.

ಉತ್ತರ: ಸ್ಪೀಕರಿಗಿಂತ ಮೊದಲು ಟರ್ಮಿನಲ್ ನೋಡಿ. ತಾಮ್ರ ಹಸಿರುಗಟ್ಟಿದ್ದರೆ ಎರಡು ಇಂಚು ಕತ್ತರಿಸಿ ಹೊಸ ಎಳೆ ಬಿಡಿಸಿ ಬಿಗಿಯಿರಿ, ಮೇಲೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ. ಹೊಸದು ಕೊಳ್ಳುವುದಾದರೆ ಐಪಿ 55 (ಧೂಳು, ನೀರು ತಡೆಯುವ ಮಟ್ಟದ ಸಂಖ್ಯೆ) ಅಥವಾ ಮೇಲ್ಪಟ್ಟದ್ದು, ಸೂರಿನ ಕೆಳಗೆ, ಮುಖ ತುಸು ನೆಲಕ್ಕೆ ಬಾಗಿದಂತೆ. ವೈರ್ ಸ್ಪೀಕರಿಗಿಂತ ಒಂದು ಗೇಣು ಕೆಳಗೆ ಇಳಿದು ಮೇಲೆ ಹೋಗಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.