‘ಕ್ಷಣಜೀವಿಗಳ ತೂಕ’ ಕಳಿಸಿದವರಿಗೆ

ನಿಮ್ಮ ಲೇಖನ ಓದಿದೆ. ಈ ಸಂಚಿಕೆಗೆ ಹಾಕುತ್ತಿಲ್ಲ. ತಿದ್ದಿ ಕೊಟ್ಟರೆ ಮುಂದಿನದಕ್ಕೆ ಖಂಡಿತ. ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುವವರೊಬ್ಬರು ಕ್ಷಣದಲ್ಲೇ ಅಳಿಯುವ, ವಿದ್ಯುದಂಶ ಹೊತ್ತ ಪರಮಾಣುಗಳನ್ನು (ಅಯಾನುಗಳನ್ನು) ಸೆರೆಹಿಡಿದು ತೂಗುವ ಅಯಾನ್ ಟ್ರ್ಯಾಪ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರಲ್ಲ ಎಂಬ ಖುಷಿ ನನಗೂ ಇದೆ. ಆ ಖುಷಿಗೆ ರಿಯಾಯಿತಿ ತೋರಿಸಿದರೆ ನಷ್ಟ ನಿಮಗೇ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ.

ಮೊದಲ ಎರಡು ಪುಟ ಬರೀ ಹೊಗಳಿಕೆ. ಜಿನೀವಾದ ಸಂಶೋಧನಾ ಕೇಂದ್ರ ಸರ್ನ್ ಎಷ್ಟು ದೊಡ್ಡದು, ಅಯಾನ್ ಟ್ರ್ಯಾಪ್ ರೂಪಿಸಿದ ಡೆಮೆಲ್ಟ್ ಮತ್ತು ಪೌಲ್ ಅವರಿಗೆ 1989ರಲ್ಲಿ ನೊಬೆಲ್ ಬಂತು, ಇವೆಲ್ಲ ಒಂದು ವಾಕ್ಯದ ಸರಕು. ‘ಅದ್ಭುತ’ ಕಂಡಲ್ಲೆಲ್ಲ ಹೊಡೆದುಹಾಕಿದ್ದೇನೆ. ಮಳವಳ್ಳಿಯ ಹೈಸ್ಕೂಲು ಮೇಷ್ಟ್ರು ನಮ್ಮ ಪತ್ರಿಕೆ ಕೈಗೆತ್ತಿಕೊಂಡು ಕೇಳುವುದು ಒಂದೇ: ಕಣ್ಣಿಗೆ ಕಾಣದ್ದನ್ನು, ಅದೂ ಸಾಯುತ್ತಿರುವುದನ್ನು, ತೂಗುವುದು ಹೇಗಪ್ಪಾ?

ಮೂರನೇ ಪುಟದಲ್ಲಿ ನೀವು ಅದರ ಹತ್ತಿರ ಬರುತ್ತೀರಿ. ಅಯಾನು ಆಲೆಮನೆಯ ಗಾಣದೆತ್ತಿನ ಹಾಗೆ ಸುತ್ತುತ್ತದೆ ಎಂದಿದ್ದೀರಿ. ಮಂಡ್ಯದವರ ಕಣ್ಣು! ಅದನ್ನು ಉಳಿಸಿಕೊಳ್ಳಿ, ಮಿಕ್ಕ ಹೋಲಿಕೆಗಳು ಬೇಡ. ಆದರೆ ಎತ್ತನ್ನು ಅಲ್ಲಿಗೇ ಬಿಟ್ಟುಬಿಟ್ಟಿರಿ. ಭಾರ ಹೆಚ್ಚಿದಷ್ಟೂ ಸುತ್ತು ನಿಧಾನ, ಹಾಗಾಗಿ ಸುತ್ತು ಎಣಿಸಿದರೆ ತೂಕ ಸಿಕ್ಕಿತು ಎಂಬುದೇ ಇಡೀ ವಿದ್ಯೆ. ಅಂಕಿ ಕೊಡಿ: 6 ಟೆಸ್ಲಾ ಕಾಂತಕ್ಷೇತ್ರದಲ್ಲಿ ಒಂದೇ ವಿದ್ಯುದಂಶ ಹೊತ್ತ, ದ್ರವ್ಯರಾಶಿ 100ರ (ಹೆಚ್ಚುಕಡಿಮೆ ನೂರು ಪ್ರೋಟಾನಿನಷ್ಟು ತೂಕದ) ಅಯಾನು ಸೆಕೆಂಡಿಗೆ ಸುಮಾರು 9 ಲಕ್ಷ 20 ಸಾವಿರ ಸುತ್ತು ಹಾಕುತ್ತದೆ.

ಕಾಂತವೇ ಅಯಾನನ್ನು ಹಿಡಿದಿಡುತ್ತದೆ ಎಂದಿದ್ದೀರಿ. ಅರ್ಧ ಸರಿ. ಪೆನ್ನಿಂಗ್ ಟ್ರ್ಯಾಪ್ ಎಂಬ ಈ ಬಗೆಯ ಸೆರೆಯಲ್ಲಿ ಕಾಂತಕ್ಷೇತ್ರ ಅದನ್ನು ಪಕ್ಕಕ್ಕೆ ಹೋಗಗೊಡುವುದಿಲ್ಲ. ಕ್ಷೇತ್ರದ ಗುಂಟ ಜಾರಿಹೋಗದಂತೆ ತಡೆಯುವುದು ಎಲೆಕ್ಟ್ರೋಡುಗಳು. ಇನ್ನು ಸುತ್ತು ಎಣಿಸುವ ಭಾಗವನ್ನು ‘ಸೂಕ್ಷ್ಮ ಉಪಕರಣಗಳಿಂದ’ ಎಂದು ತೇಲಿಸಿದ್ದೀರಿ. ಅಲ್ಲೇ ಕಥೆ ಇರುವುದು. ಅಯಾನಿಗೆ ರೇಡಿಯೋ ತರಂಗ ತಗುಲಿಸುತ್ತಾರೆ. ಆವೃತ್ತಿ ಸರಿಯಾಗಿ ಕೂಡಿಬಂದರೆ ಅದು ಶಕ್ತಿ ಹೀರುತ್ತದೆ. ಆಮೇಲೆ ಸೆರೆ ಬಿಡಿಸಿ ಡಿಟೆಕ್ಟರಿನತ್ತ ಅಟ್ಟಿದರೆ, ಶಕ್ತಿ ಹೀರಿದ್ದು ಬೇಗ ಬಂದು ಬಡಿಯುತ್ತದೆ, ಹೀರದ್ದು ತಡವಾಗಿ. ಆವೃತ್ತಿಯನ್ನು ಚೂರುಚೂರೇ ಬದಲಿಸುತ್ತ, ಬಂದ ಸಮಯವನ್ನು ಗುರುತು ಹಾಕುತ್ತ ಹೋದರೆ ಗ್ರಾಫಿನಲ್ಲಿ ಒಂದು ಕಡೆ ತಗ್ಗು ಬೀಳುತ್ತದೆ. ಆ ತಗ್ಗಿನ ತಳವೇ ಉತ್ತರ. ಕಾಂತಕ್ಷೇತ್ರ ಕದಲುತ್ತಿರುತ್ತದಲ್ಲ, ಅದಕ್ಕೇ ತೂಕ ಚೆನ್ನಾಗಿ ಗೊತ್ತಿರುವ ಸೀಸಿಯಂ-133ರಂಥ ಅಯಾನನ್ನು ಹಿಂದೆ ಮುಂದೆ ಅಳೆದು ತಾಳೆ ನೋಡುತ್ತಾರೆ. ಇದನ್ನೂ ಬಿಟ್ಟಿದ್ದೀರಿ.

ಲೀಥಿಯಂ-11 ‘8.8 ಮಿಲಿಸೆಕೆಂಡಿನಲ್ಲಿ ನಾಶವಾಗುತ್ತದೆ’ ಎಂಬ ವಾಕ್ಯ ತಪ್ಪು. ಅದು ಅರ್ಧಾಯುಷ್ಯ, ಅಷ್ಟು ಹೊತ್ತಿಗೆ ಅರ್ಧ ಪಾಲು ಉಳಿದಿರುತ್ತದೆ. ಎಂ.ಎಸ್ಸಿ. ಓದುವವರು ಇಲ್ಲಿ ಎಡವಬಾರದು.

ನಿಮ್ಮ ಕೈತಪ್ಪಿದ ಜಗ್ಗಾಟವೂ ಅಲ್ಲೇ ಇದೆ. ನಿಖರತೆ ಬೇಕೆಂದರೆ ಹೆಚ್ಚು ಹೊತ್ತು ಸುತ್ತಿಸಬೇಕು: ಒಂದು ಸೆಕೆಂಡು ಕೊಟ್ಟರೆ ಆ ತಗ್ಗಿನ ಅಗಲ ಸುಮಾರು 1 ಹರ್ಟ್ಸ್, 10 ಮಿಲಿಸೆಕೆಂಡಿಗೆ ಸುಮಾರು 100 ಹರ್ಟ್ಸ್. ಹೆಚ್ಚು ಹೊತ್ತು ಕಾದರೆ ಅಯಾನೇ ಇರುವುದಿಲ್ಲ. ಕೆನಡಾದ ಭೌತಶಾಸ್ತ್ರ ಪ್ರಯೋಗಾಲಯ ಟ್ರಯಂಫ್‌ನಲ್ಲಿರುವ ಟೈಟನ್ ತಂಡ ಲೀಥಿಯಂ-11ನ್ನು ತೂಗಿದ್ದು ಈ ಇಕ್ಕಟ್ಟಿನಲ್ಲೇ. ರುಬಿಡಿಯಂ-74ಕ್ಕೆ (ಅರ್ಧಾಯುಷ್ಯ 65 ಮಿಲಿಸೆಕೆಂಡು) ಅವರು ಇನ್ನೊಂದು ಉಪಾಯ ಹೂಡಿದರು: ಎಂಟು ಎಲೆಕ್ಟ್ರಾನ್ ಕಿತ್ತರು. ವಿದ್ಯುದಂಶ ಎಂಟು ಪಟ್ಟಾದರೆ ಅಷ್ಟೇ ಹೊತ್ತಿನಲ್ಲಿ ಸುತ್ತೂ ಎಂಟು ಪಟ್ಟು. ಇಂಥದ್ದು ಸಿಕ್ಕಿದರೆ ಓದುಗ ಪುಟ ಮಡಚುವುದಿಲ್ಲ.

‘ಇದರಿಂದ ಮನುಕುಲಕ್ಕೆ ಪ್ರಯೋಜನ’ ಎಂಬ ಕೊನೆಯ ಭಾಗ ಪೂರಾ ತೆಗೆಯಿರಿ. ಬದಲಿಗೆ ಸತು-82 ಇರಲಿ. 30 ಪ್ರೋಟಾನ್, 52 ನ್ಯೂಟ್ರಾನ್ ಒಟ್ಟಿಗೆ ಕೂತಾಗ ಬಿಡಿಬಿಡಿಯಾಗಿ ತೂಗಿದ್ದಕ್ಕಿಂತ ಕಡಿಮೆ ತೂಗುತ್ತವೆ. ಆ ಕೊರತೆಯೇ ಪರಮಾಣು ಬೀಜವನ್ನು (ನ್ಯೂಕ್ಲಿಯಸ್ಸನ್ನು) ಹಿಡಿದಿಟ್ಟ ಶಕ್ತಿ. ಸರ್ನ್‌ನ ಐಸೋಲ್ಟ್ರ್ಯಾಪ್ ತಂಡ ಅದರ ತೂಕವನ್ನು 2013ರಲ್ಲಿ ಪ್ರಕಟಿಸಿತು. ನ್ಯೂಟ್ರಾನ್ ನಕ್ಷತ್ರದ (ದೊಡ್ಡ ನಕ್ಷತ್ರ ಕುಸಿದು ಉಳಿದ ಗಟ್ಟಿ ತಿರುಳಿನ) ಹೊರಪದರದಲ್ಲಿ ಸತು-82 ಇದ್ದೀತು ಎಂದು ಲೆಕ್ಕ ಹಾಕಿದ್ದ ಮಾದರಿಯಿಂದ, ಹೊಸ ತೂಕ ಬಂದ ಮೇಲೆ, ಅದನ್ನು ಕೈಬಿಡಬೇಕಾಯಿತು. ಯಾರೂ ಹೋಗಲಾಗದ ಕಡೆ ಏನಿಲ್ಲ ಎಂಬುದನ್ನು ಇಲ್ಲಿ ಕೂತು ಹೇಳಿದ್ದಾರೆ, ನೋಡಿ.

ಆರು ಪುಟ ಮೂರಕ್ಕೆ ಇಳಿಯಲಿ. ಅಂತರ್ಜಾಲದಿಂದ ಇಳಿಸಿದ ಫೋಟೋಗಳು ಬೇಡ. ಆ ತಗ್ಗು ಬೀಳುವ ಗ್ರಾಫನ್ನು ಪೆನ್ಸಿಲಿನಲ್ಲಿ ಗೀಚಿ ಕಳಿಸಿ, ನಮ್ಮ ಕಲಾವಿದರು ಬರೆದುಕೊಡುತ್ತಾರೆ.