ಇಷ್ಟೊಂದು ಓದಿಯೂ ಕಾಗುಣಿತ ತಪ್ಪುವುದೇಕೆ?

ದಿನವೂ ಪತ್ರಿಕೆ ಓದುತ್ತೀರಿ, ಒಳ್ಳೆಯ ಕಾದಂಬರಿ ಸಿಕ್ಕರೆ ಊಟ ಮರೆಯುತ್ತೀರಿ, ಆದರೂ ಕಚೇರಿಯ ಟಿಪ್ಪಣಿ ಬರೆಯುವಾಗ ಒತ್ತಕ್ಷರ, ಮಹಾಪ್ರಾಣಗಳಲ್ಲಿ ಎಡವುತ್ತೀರಿ. ಇದು ಬುದ್ಧಿಯ ಕೊರತೆಯೇ, ನಲವತ್ತರ ಹೊಸ್ತಿಲಲ್ಲಿ ಸರಿಹೋದೀತೇ, ಇನ್ನೂ ಹೆಚ್ಚು ಓದಬೇಕೇ, ಮೊಬೈಲೇ ತಿದ್ದಿಕೊಡುವ ಕಾಲದಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಗಟ್ಟಿಯಾಗಿ ಹೇಳುತ್ತೇನೆ: ಅಲ್ಲ. ಬೆಂಗಳೂರಿನಲ್ಲಿ ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ತಮ್ಮ ವಿಷಯದಲ್ಲಿ ಪಾರಂಗತರಾದವರ ಹಸ್ತಪ್ರತಿಯಲ್ಲೂ ಮಹಾಪ್ರಾಣಗಳು ಬೇಕಾದಲ್ಲಿ ಮಾಯವಾಗಿ ಬೇಡವಾದಲ್ಲಿ ಪ್ರತ್ಯಕ್ಷವಾಗುವುದನ್ನು ಕಂಡಿದ್ದೇನೆ. ಅಚ್ಚಾದ ಮೇಲೆ ಪಾಪವನ್ನೆಲ್ಲ ಮುದ್ರಾರಾಕ್ಷಸನ ತಲೆಗೆ ಕಟ್ಟುವುದು ನಮ್ಮ ಸಂಪ್ರದಾಯ. ಎಷ್ಟೋ ಸಲ ಆತ ನಿರಪರಾಧಿ.

ಎಲ್ಲರೂ ಕೊಡುವ ‘ಇನ್ನೂ ಹೆಚ್ಚು ಓದಿ’ ಎಂಬ ಸಲಹೆಯನ್ನು ನಾನು ಕೊಡುವುದಿಲ್ಲ. ನೀವು ಓದುವ ರೀತಿಯೇ ಇಲ್ಲಿ ಅರ್ಧ ಕಾರಣ ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಓದಬಲ್ಲ, ಆದರೆ ಕಾಗುಣಿತ ತಪ್ಪುವ ಜನರ ಬಗ್ಗೆ ಉಟಾ ಫ್ರಿತ್ ಎಂಬ ಮನೋವಿಜ್ಞಾನಿ 1980ರಲ್ಲೇ ಬರೆದಿದ್ದಾರೆ. ಇಂಥವರು ಪದದ ಪ್ರತಿಯೊಂದು ಅಕ್ಷರವನ್ನೂ ನೋಡುವುದಿಲ್ಲ, ಕೆಲವು ಗುರುತುಗಳನ್ನು ಹಿಡಿದು ಮುಂದೆ ಓಡುತ್ತಾರೆ ಎಂಬುದು ಅವರ ವಿವರಣೆ. ‘ವಿದ್ಯಾರ್ಥಿ’ ಎಂದು ಓದುವಾಗ ಮೊದಲ ಅಕ್ಷರ, ಒಟ್ಟು ಆಕಾರ, ವಾಕ್ಯದ ಸಂದರ್ಭ ಇಷ್ಟು ಸಿಕ್ಕರೆ ಸಾಕು, ಅರ್ಥವಾಗುತ್ತದೆ. ನಡುವೆ ಇರುವುದು ದಕಾರವೋ ಧಕಾರವೋ ಎಂದು ಕಣ್ಣು ವಿಚಾರಿಸುವುದಿಲ್ಲ. ಬರೆಯುವಾಗ ಮಾತ್ರ ಆ ಅಕ್ಷರವನ್ನು ನೀವೇ ಹುಟ್ಟಿಸಬೇಕು. ಚಾರ್ಲ್ಸ್ ಪರ್ಫೆಟಿ ಎಂಬ ಸಂಶೋಧಕರ ವಾದದ ತಿರುಳೂ ಇದೇ: ಒಂದು ಪದದ ಧ್ವನಿ, ಅರ್ಥ, ಬರಹರೂಪ ಮೂರೂ ಮನಸ್ಸಿನಲ್ಲಿ ಪೂರ್ತಿಯಾಗಿ, ಒಂದಕ್ಕೊಂದು ಬೆಸೆದುಕೊಂಡು ಕುಳಿತಿರಬೇಕು. ನಿಮ್ಮಲ್ಲಿ ಮೊದಲೆರಡು ಗಟ್ಟಿಯಾಗಿವೆ, ಮೂರನೆಯದು ಅರೆಬರೆಯಾಗಿದೆ.

ಕನ್ನಡ ನುಡಿದಂತೆ ಬರೆಯುವ ಭಾಷೆ, ಅದರಲ್ಲಿ ತಪ್ಪು ಹೇಗೆ ಬಂದೀತು ಎಂದು ಯಾರಾದರೂ ನಿಮ್ಮನ್ನು ಹಂಗಿಸಿದರೆ, ‘ಧನ’ ಮತ್ತು ‘ದನ’ ಎಂದು ಗಟ್ಟಿಯಾಗಿ ಹೇಳಿ ತೋರಿಸಲು ಕೇಳಿ. ಹೆಚ್ಚಿನವರ ನಾಲಗೆಯಲ್ಲಿ ಎರಡೂ ಒಂದೇ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಅಪರೂಪ, ಅದು ಬಹುಪಾಲು ಸಂಸ್ಕೃತದಿಂದ ಬಂದ ಪದಗಳ ಜೊತೆ ಬಂದದ್ದು. ಶ–ಷಗಳ ಕಥೆಯೂ ಹೀಗೆಯೇ. ಉಚ್ಚಾರಣೆಯಲ್ಲಿ ಇಲ್ಲದ ವ್ಯತ್ಯಾಸವನ್ನು ಕಿವಿ ಹೇಗೆ ತಾನೇ ನೆನಪಿಸೀತು? ಅದರ ಮೇಲೆ ನಮ್ಮ ಅಕ್ಷರಗಳ ಸಂಖ್ಯೆಯೂ ದೊಡ್ಡದು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡದ ಅಕ್ಷರಗಳು ಮಕ್ಕಳಿಗೆ ಪೂರ್ತಿ ದಕ್ಕಲು ನಾಲ್ಕನೇ ತರಗತಿಯ ಆಚೆಗೂ ಕಾಲ ಬೇಕು. ಶಾಲೆಗಳು ಕಾಗುಣಿತ, ಒತ್ತಕ್ಷರಗಳ ಪಾಠವನ್ನು ಅದಕ್ಕೆ ಬಹಳ ಮೊದಲೇ ಮುಗಿಸಿ ಕೈತೊಳೆದುಕೊಳ್ಳುತ್ತವೆ.

ಕಿವಿ ಕೈಕೊಟ್ಟಲ್ಲಿ ಕೈಹಿಡಿಯುವುದು ಪದ ಹೇಗೆ ಕಟ್ಟಿಕೊಂಡಿದೆ ಎಂಬ ತಿಳಿವಳಿಕೆ. ದೊಡ್ಡವರಿಗೆ ಇದು ಮಕ್ಕಳಿಗಿಂತ ಸುಲಭ, ಏಕೆಂದರೆ ನಿಮ್ಮ ಬಳಿ ಪದಸಂಪತ್ತು ಆಗಲೇ ಇದೆ. ನಮ್ಮ ನಗರದ ಯಾವುದೇ ವೃತ್ತದಲ್ಲಿ ನಿಂತು ಹುಟ್ಟುಹಬ್ಬದ ಫ್ಲೆಕ್ಸ್ ನೋಡಿ: ‘ಹಾರ್ಧಿಕ ಶುಭಾಷಯಗಳು’. ಎರಡು ಪದ, ಎರಡು ತಪ್ಪು. ಹಾರ್ದಿಕ ಎಂಬುದು ಹೃದಯಕ್ಕೆ ಸೇರಿದ್ದು. ಹೃದಯದಲ್ಲಿ ಇರುವುದು ದಕಾರ, ಆದ್ದರಿಂದ ಹಾರ್ದಿಕದಲ್ಲೂ ದಕಾರವೇ. ಶುಭಾಶಯ ಎಂದರೆ ಶುಭ ಮತ್ತು ಆಶಯ, ಅಲ್ಲಿಗೆ ಷಕಾರಕ್ಕೆ ಜಾಗವೇ ಇಲ್ಲ. ವಿದ್ಯೆಯನ್ನು ಅರಸುವವನು ವಿದ್ಯಾರ್ಥಿ, ವಿದ್ಯೆಯಲ್ಲಿ ಮಹಾಪ್ರಾಣವಿಲ್ಲ. ‘ವಿ’ಗೆ ‘ಶೇಷ’ ಸೇರಿದರೆ ವಿಶೇಷ, ಶ ಮೊದಲು, ಷ ಆಮೇಲೆ. ಬುದ್ಧಿ, ಶುದ್ಧಿ, ಸಿದ್ಧಿ, ವೃದ್ಧಿ ಒಂದೇ ಮನೆಯವು, ಎಲ್ಲಕ್ಕೂ ದಕಾರದ ಕೆಳಗೆ ಧಕಾರದ ಒತ್ತು. ಹೀಗೆ ಬಂಧುಬಳಗ ಗೊತ್ತಾದ ಪದವನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಬೇಕಾಗಿಲ್ಲ. ಇಂಗ್ಲಿಷಿನಲ್ಲೂ ಇದು ನಡೆಯುತ್ತದೆ: ‘ಸೈನ್’ನಲ್ಲಿ ಉಚ್ಚರಿಸದ ಜಿ ಅಕ್ಷರ ‘ಸಿಗ್ನೇಚರ್’ನಲ್ಲಿ ಬಾಯಿ ಬಿಡುತ್ತದೆ. ನನ್ನನ್ನು ಕೇಳಿದರೆ ಸಂಧಿ, ಸಮಾಸಗಳನ್ನು ಪರೀಕ್ಷೆಯ ಅಂಕಕ್ಕಾಗಿ ಕಲಿಸುವ ಬದಲು ಇದಕ್ಕಾಗಿ ಕಲಿಸಿದ್ದರೆ ನನ್ನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು.

ಫ್ಲೆಕ್ಸ್ ವಿಷಯ ಬಂದಿತೆಂದು ಇನ್ನೊಂದು ಮಾತು. ಲ್ಯಾರಿ ಜೇಕಬಿ ಮತ್ತು ಆನ್ ಹಾಲಿಂಗ್ಸ್‌ಹೆಡ್ 1990ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ತಪ್ಪು ಕಾಗುಣಿತವನ್ನು ಓದಿದವರು ಆಮೇಲೆ ಆ ಪದವನ್ನು ಬರೆಯುವಾಗ ತಾವೂ ಹೆಚ್ಚು ತಪ್ಪಿದರು. ಪ್ರಬಂಧ ತಿದ್ದುವ ಮೇಷ್ಟ್ರುಗಳಿಗೆ ಇದು ಅಪಾಯದ ಸುದ್ದಿ, ನನ್ನಂಥವರಿಗೆ ಕಸುಬಿನ ಕಾಯಿಲೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ತಿದ್ದುಪಡಿ 2024ರಲ್ಲಿ ಬಂದದ್ದು ಸಂತೋಷವೇ. ಆದರೆ ಗಡುವಿಗೆ ಹೆದರಿ ಅವಸರದಲ್ಲಿ ಬರೆಸಿದ ಕೆಲವು ಫಲಕಗಳ ಕನ್ನಡವನ್ನು ಕಂಡಾಗ ನಾನು ಕಣ್ಣು ತಿರುಗಿಸುತ್ತೇನೆ. ಅನುಮಾನ ಬಂದಾಗ ಫಲಕವನ್ನಾಗಲಿ ವಾಟ್ಸ್ಆ್ಯಪ್ ಸಂದೇಶವನ್ನಾಗಲಿ ನಂಬಬೇಡಿ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಪ್ರಕಟಿಸಿರುವ ಸಂಕ್ಷಿಪ್ತ ಕನ್ನಡ ನಿಘಂಟು ಮೇಜಿನ ಮೇಲಿರಲಿ.

ವಯಸ್ಸಿನ ಬಗ್ಗೆ ಚಿಂತೆ ಬೇಡ, ಅಭ್ಯಾಸದ ಬಗೆ ಮಾತ್ರ ಬದಲಾಗಲಿ. ಶಾಲೆಯಲ್ಲಿ ತಪ್ಪಿದ ಪದವನ್ನು ಇಪ್ಪತ್ತು ಸಲ ಬರೆಸುತ್ತಿದ್ದರಲ್ಲ, ಅದು ಶಿಕ್ಷೆ, ಕಲಿಕೆಯಲ್ಲ. ಎರಡನೇ ಸಾಲಿನಿಂದಾಚೆಗೆ ಕೈ ಮೇಲಿನ ಸಾಲನ್ನು ನಕಲು ಮಾಡುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಪದವನ್ನು ನೋಡಿ, ಮುಚ್ಚಿ, ನೆನಪಿನಿಂದ ಬರೆದು, ತೆರೆದು ಹೋಲಿಸಿ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ ಮತ್ತೆ ಬರೆಯಿರಿ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದ್ದು ಇದನ್ನೇ: ಪಠ್ಯವನ್ನು ಮತ್ತೆ ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆದು ತಮ್ಮನ್ನು ಪರೀಕ್ಷಿಸಿಕೊಂಡವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಬರೆಯುವಾಗ ಮಹಾಪ್ರಾಣವನ್ನು ಬೇಕೆಂದೇ ಉಸಿರುಬಿಟ್ಟು ಹೇಳಿ, ಮನೆಯವರು ನಕ್ಕರೆ ನಗಲಿ. ನಿಮ್ಮ ಹಳೆಯ ಟಿಪ್ಪಣಿಗಳನ್ನು ಯಾರಿಂದಲಾದರೂ ತಿದ್ದಿಸಿ ನೋಡಿ, ತಪ್ಪುಗಳು ನೂರಾರು ಬಗೆಯವಲ್ಲ, ಮೂರು ನಾಲ್ಕು ಬಗೆಯವು ಎಂದು ತಿಳಿಯುತ್ತದೆ.

ಚಿಕ್ಕಂದಿನಿಂದ ಓದುವುದೇ ನಿಧಾನ, ಅಕ್ಷರಗಳನ್ನು ಕೂಡಿಸುವುದೇ ಕಷ್ಟ ಎಂದಿದ್ದರೆ ಮಾತು ಬೇರೆ. ಆಗ ಕಲಿಕಾ ತೊಂದರೆಗಳನ್ನು ಬಲ್ಲ ಮನೋವಿಜ್ಞಾನಿಯನ್ನು ಕಾಣಬೇಕು. ನಿಮ್ಮ ಬರಹದಿಂದ ನಿಮಗೆ ಹಾಗಿದೆ ಎಂದು ನನಗೆ ಅನ್ನಿಸಲಿಲ್ಲ.

ಇನ್ನು ಮೊಬೈಲ್. ಎರಡಕ್ಷರ ಒತ್ತುವಷ್ಟರಲ್ಲಿ ಅದು ಪದವನ್ನೇ ಮುಂದಿಡುತ್ತದೆ, ನೀವು ಆರಿಸುತ್ತೀರಿ. ಆರಿಸುವುದು ಮತ್ತೆ ಗುರುತಿಸುವ ಕೆಲಸವೇ, ನಿಮಗೆ ಈಗಾಗಲೇ ಚೆನ್ನಾಗಿ ಬರುವ ಕೆಲಸ. ಅವಸರದ ಪತ್ರಕ್ಕೆ ಅದನ್ನು ಧಾರಾಳವಾಗಿ ಬಳಸಿ, ಕಲಿಯುವ ಹೊತ್ತಿನಲ್ಲಿ ಆ ಸಲಹೆಗಳನ್ನು ನಿಲ್ಲಿಸಿ. ಬರಿಯ ನಿಘಂಟಿಗೆ ಹೋಲಿಸಿ ನೋಡುವ ತಂತ್ರಾಂಶಕ್ಕೆ ಸಾಲಿನಲ್ಲಿರುವ ಪದ ನಿಘಂಟಿನಲ್ಲಿದ್ದರೆ ಸಾಕು. ಸಂಘವೊಂದರ ಕರಪತ್ರದಲ್ಲಿ ‘ದನ ಸಹಾಯ ಮಾಡಿದ ಮಹನೀಯರಿಗೆ ವಂದನೆಗಳು’ ಎಂದಿದ್ದರೆ ಅದು ಕೆಂಪು ಗೆರೆ ಎಳೆಯುವುದಿಲ್ಲ.