ಮಗುವಿನ ಮೈಮೇಲೆ ಗಂಟು, ತಾಯಿಯ ಮೇಲೆ ಮಾತು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಅಂಕೋಲಾ ಕಡೆಯ ತಾಯಿ, ಚೊಚ್ಚಲ ಹೆರಿಗೆ. ಹುಟ್ಟುವಾಗಲೇ ಮಗುವಿನ ಬೆನ್ನು, ಹೊಟ್ಟೆ ಮೇಲೆ ನೇರಳೆ ಹಣ್ಣಿನ ಬಣ್ಣದ ಗಟ್ಟಿ ಗಂಟುಗಳು. ಉಜ್ಜಿದರೆ ಬಿಳಚಿಕೊಂಡು ಸುತ್ತಲೂ ಕೆಂಪಾಗುತ್ತಿದ್ದವು. ಬಯಾಪ್ಸಿ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆದ ಮೇಲೆ ಮಣಿಪಾಲದ ವೈದ್ಯರು ನ್ಯೂರೋಬ್ಲಾಸ್ಟೋಮಾ, ಅಂದರೆ ಎಳೆ ನರಕೋಶಗಳ ಕ್ಯಾನ್ಸರ್, ಎಂದರು. ಕಿಡ್ನಿ ಮೇಲಿನ ಗ್ರಂಥಿಯಲ್ಲಿ ಶುರುವಾಗಿ ಚರ್ಮಕ್ಕೂ ಲಿವರ್‌ಗೂ ಹಬ್ಬಿತ್ತು.

ನನ್ನ ಹತ್ತಿರ ಬಂದಾಗ ತಾಯಿ ಹಾಲೂಡಿಸುವುದನ್ನೇ ನಿಲ್ಲಿಸಿದ್ದಳು. "ನನ್ನ ಹಾಲಿನಿಂದ ಜಾಸ್ತಿ ಆಗ್ತದಾ?" ಎಂದು ಕೇಳಿದಳು. ಗ್ರಹಣದ ದಿನ ಹೊರಗೆ ಹೋಗಿದ್ದಳು ಎಂದು ಅತ್ತೆ, ನಾಗದೋಷ ಎಂದು ಚಿಕ್ಕತ್ತೆ. ಗಂಡ ಮೀನಿನ ಬೋಟಿನವನು. ಅವನಿಗೆ ಬೇರೆಯೇ ಸಿಟ್ಟು: "ಕ್ಯಾನ್ಸರ್ ಅಂತಾರೆ, ಔಷಧಿ ಈಗ ಬೇಡ ಅಂತಾರೆ. ಬಡವರು ಅಂತ ಕೈಬಿಟ್ರಾ?"

ಮೊದಲು ಅತ್ತೆಯನ್ನೂ ಕೂರಿಸಿಕೊಂಡೆ. ಇದು ಗ್ರಹಣದಿಂದಲೂ ಅಲ್ಲ, ತಿಂದದ್ದರಿಂದಲೂ ಅಲ್ಲ. ಮಗು ಬೆಳೆಯುವಾಗ ಕೆಲವು ನರಕೋಶಗಳು ದಾರಿ ತಪ್ಪಿದ್ದು. ಮನೆತನದಲ್ಲಿ ಬರುವುದು ನೂರರಲ್ಲಿ ಒಂದೋ ಎರಡೋ. ಮುಟ್ಟಿದರೆ ಅಂಟುವುದಿಲ್ಲ, ಹಾಲು ಕೊಡಲೇಬೇಕು. ಪೂಜೆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಾಗಿ ಆಸ್ಪತ್ರೆಯ ತಾರೀಖು ತಪ್ಪಿಸಬೇಡಿ, ಗಂಟಿಗೆ ಸೊಪ್ಪಿನ ರಸ ಹಚ್ಚಬೇಡಿ.

ಗಂಡನಿಗೆ ಹೇಳಿದ್ದು ಇಷ್ಟು. ಒಂದೂವರೆ ವರ್ಷದೊಳಗಿನ ಮಗುವಿಗೆ ಈ ಗಡ್ಡೆ ಚರ್ಮ, ಲಿವರ್, ಮೂಳೆಮಜ್ಜೆಗೆ ಮಾತ್ರ ಹಬ್ಬಿದ್ದರೆ ಎಷ್ಟೋ ಸಲ ತಾನಾಗಿಯೇ ಕರಗುತ್ತದೆ. ಗಡ್ಡೆಯ ಜೀನ್ ಪರೀಕ್ಷೆಯಲ್ಲೂ ಅಪಾಯದ ಗುರುತು ಇರಲಿಲ್ಲ. ಹಾಗಾಗಿ ಇಲ್ಲಿ ಕಾದು ನೋಡುವುದೇ ಚಿಕಿತ್ಸೆ. ಸುಮ್ನೆ ಬಿಟ್ಟಿದ್ದಲ್ಲ.

ಭಯಪಡಬೇಕಾದ್ದು ಲಿವರ್ ಬಗ್ಗೆ. ಎಳೆಗೂಸಿನಲ್ಲಿ ಅದು ಬೇಗ ಊದಿದರೆ ಉಸಿರಾಟಕ್ಕೇ ಜಾಗವಿರುವುದಿಲ್ಲ. ಆಗ ಕೀಮೋ (ಕ್ಯಾನ್ಸರ್ ಔಷಧಿ) ಕೊಡಬೇಕಾಗಬಹುದು. ಹೊಟ್ಟೆ ಬಿಗಿದು ಉಬ್ಬಿದರೆ, ಉಸಿರು ಜೋರಾದರೆ, ಹಾಲು ಬಿಟ್ಟರೆ, ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೂ ಕಾಯಬಾರದು. ಗಂಡ ಕಡಲಲ್ಲಿದ್ದರೆ ಯಾರು ಕರೆದೊಯ್ಯುತ್ತಾರೆ? ಪಕ್ಕದ ಮನೆಯ ರಿಕ್ಷಾದವನನ್ನು ಅಲ್ಲೇ ಫೋನಿನಲ್ಲಿ ಕೇಳಿಸಿ ಗೊತ್ತುಮಾಡಿಸಿದೆ.

ಇದನ್ನು ಓದಿ ಬೇರೆ ಯಾರೂ ಕಾಯುತ್ತಾ ಕೂರಬೇಡಿ. ಹುಟ್ಟುಗೂಸಿನ ಇಂಥದೇ ಗಂಟು ರಕ್ತದ ಕ್ಯಾನ್ಸರಿನಿಂದಲೂ ಬರುತ್ತದೆ, ಗರ್ಭದಲ್ಲಿ ತಗುಲಿದ ರುಬೆಲ್ಲಾ ವೈರಸ್ ಸೋಂಕಿನಿಂದಲೂ ಬರುತ್ತದೆ. ಪರೀಕ್ಷೆ ಮಾಡದೆ ಕಣ್ಣಿನಲ್ಲಿ ನೋಡಿ ಹೇಳಲಾಗದು.

ತಾಯಿ ಅವತ್ತೇ ನನ್ನ ಕೋಣೆಯಲ್ಲಿ ಹಾಲೂಡಿಸಿದಳು. ಈಗ ಬೆನ್ನಿನ ಗಂಟುಗಳು ಸಣ್ಣದಾಗಿವೆ. ಲಿವರ್ ಇನ್ನೂ ದೊಡ್ಡದಿದೆ, ಸ್ಕ್ಯಾನಿಂಗ್ ನಡೆಯುತ್ತಿದೆ. ತಪಾಸಣೆಗೆ ಅತ್ತೆಯೂ ಜೊತೆಗೆ ಬರುತ್ತಾರೆ.